ಎರವಲು ತಂದ ಕುದುರೆ ಕುಂಟತೊಡಗಿದರೆ: ಗೊರಸಿನ ಒಳಗೆ ಏನಾಗುತ್ತದೆ, ಮನೆಯವರು ಏನು ಮಾಡಬೇಕು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ, ಸಾಂಗಲಿ ಜಿಲ್ಲೆಯ ಜತ್ತ, ಈ ತಾಲೂಕುಗಳ ಕನ್ನಡದ ಊರುಗಳಲ್ಲಿ ಎತ್ತಿನ ಕಾಲು ನೋಡಿ ನೋವು ಎಲ್ಲಿದೆಯೆಂದು ಹೇಳಬಲ್ಲ ಹಿರಿಯರು ಇಂದಿಗೂ ಸಿಗುತ್ತಾರೆ. ಕುದುರೆಯ ಕಾಲನ್ನು ಬಲ್ಲವರು ಕಡಿಮೆ. ಆದರೂ ಮದುವೆಯ ಹಂಗಾಮಿನಲ್ಲಿ ಮೆರವಣಿಗೆಗೆಂದೋ, ಮಕ್ಕಳು ಸವಾರಿ ಕಲಿಯಲೆಂದೋ, ಕುರಿ ಹಿಂಡಿನೊಂದಿಗೆ ಸಾಮಾನು ಹೊರಲು ತಟ್ಟು ಬೇಕೆಂದೋ ಬೀಗರಿಂದ ಇಲ್ಲವೆ ಪರಿಚಯದವರಿಂದ ಕುದುರೆಯನ್ನು ಕೆಲವು ತಿಂಗಳ ಮಟ್ಟಿಗೆ ಎರವಲು ತರುವುದುಂಟು. ಬಂದ ದಿನ ಚೆನ್ನಾಗಿಯೇ ನಡೆದ ಕುದುರೆ ಹತ್ತು ಹದಿನೈದು ದಿನಗಳಲ್ಲಿ, ನೆಗ್ಗಿಲಮುಳ್ಳಿನ ಹೊಲವನ್ನು ಬರಿಗಾಲಿನಲ್ಲಿ ದಾಟುವವರಂತೆ ಅಳೆದಳೆದು ಹೆಜ್ಜೆ ಇಡತೊಡಗಿದರೆ, ತಂದವರಿಗೆ ಎರಡು ಚಿಂತೆಗಳು ಒಟ್ಟಿಗೇ ಹುಟ್ಟುತ್ತವೆ: ಪ್ರಾಣಿಗೆ ಏನಾಯಿತು, ಕೊಟ್ಟವರಿಗೆ ಏನು ಹೇಳುವುದು. ಎರಡನೆಯ ಚಿಂತೆಯಿಂದಾಗಿ ಮೊದಲನೆಯದರ ಉಪಚಾರ ತಡವಾಗುತ್ತದೆ, ಮತ್ತು ಕೆಲವು ಗೊರಸಿನ ಕಾಯಿಲೆಗಳಲ್ಲಿ ಎರಡು ದಿನಗಳ ತಡವೂ ಕುದುರೆಯ ಉಳಿದ ಬದುಕನ್ನೇ ಬದಲಿಸಿಬಿಡುತ್ತದೆ.

ಕುದುರೆ ನಿಂತಿರುವುದು ಒಂದೇ ಬೆರಳಿನ ಮೇಲೆ

ಎತ್ತಿನ ಗೊರಸು ಎರಡಾಗಿ ಸೀಳಿರುತ್ತದೆ, ಕುದುರೆಯದು ಒಂದೇ. ನಮ್ಮ ಕೈಯ ನಡುಬೆರಳಿಗೆ ಸಮನಾದ ಒಂದೇ ಬೆರಳಿನ ತುದಿಯಲ್ಲಿ, ಆ ಬೆರಳನ್ನು ಸುತ್ತುವರಿದ ದಪ್ಪ ಉಗುರಿನೊಳಗೆ, ಕುದುರೆ ತನ್ನ ಇಡೀ ಭಾರವನ್ನು ಹೊತ್ತು ನಿಲ್ಲುತ್ತದೆ. ಈ ಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. 300 ಕಿಲೋ ತೂಗುವ ಕುದುರೆಯಾದರೆ ಎರಡು ಮುಂಗೊರಸುಗಳು ಸುಮಾರು 180 ಕಿಲೋ ಹೊರುತ್ತವೆ. ಕುಂಟು ಮುಂಗಾಲಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೂ, ಮುಂಗಾಲು ಕುಂಟಿದಾಗ ಮೊದಲು ಗೊರಸನ್ನೇ ಪರೀಕ್ಷಿಸಬೇಕು ಎಂದು ಪಶುವೈದ್ಯರು ಹೇಳುವುದಕ್ಕೂ ಇದೇ ಕಾರಣ.

ಹೊರಗಿನಿಂದ ಕಾಣುವ ಗಟ್ಟಿ ಗೋಡೆ ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದದ್ದು. ಅದಕ್ಕೆ ನೋವು ತಿಳಿಯುವುದಿಲ್ಲ. ಅಡಿಯಲ್ಲಿರುವ ಅಂಗಾಲು ಗೋಡೆಗಿಂತ ಮೆದು. ಅದರ ನಡುವೆ ಹಿಮ್ಮಡಿಯ ಕಡೆ ಅಗಲವಾಗಿ, ಮುಂದಕ್ಕೆ ಚೂಪಾಗುತ್ತ ಬರುವ, ರಬ್ಬರಿನಂತೆ ಬಾಗುವ ತ್ರಿಕೋನಾಕಾರದ ಭಾಗವೊಂದಿದೆ. ಪಶುವೈದ್ಯರು ಅದನ್ನು ಫ್ರಾಗ್ ಎನ್ನುತ್ತಾರೆ. ಪ್ರತಿ ಹೆಜ್ಜೆಯ ಪೆಟ್ಟನ್ನು ತಗ್ಗಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ.

ಇವುಗಳ ಒಳಗೆ ಇರುವುದೆಲ್ಲ ಜೀವಂತವಾದದ್ದು: ಮೂಳೆ, ರಕ್ತನಾಳ, ನರ. ಒಳಗಿನ ಮೂಳೆಗೂ ಹೊರಗಿನ ಗೋಡೆಗೂ ಇರುವ ಬೆಸುಗೆಯನ್ನು ಅರ್ಥ ಮಾಡಿಕೊಳ್ಳಲು ಎರಡು ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದರಂತೆ ಸೇರಿಸಿ ಒತ್ತಿಟ್ಟದ್ದನ್ನು ಕಲ್ಪಿಸಿಕೊಳ್ಳಬೇಕು. ಒಂದೊಂದು ಗೊರಸಿನಲ್ಲಿ ಸುಮಾರು 600 ಇಂತಹ ತೆಳು ಪದರುಗಳಿದ್ದು, ಪ್ರತಿಯೊಂದರ ಮೇಲೂ ಇನ್ನೂ ಸಣ್ಣ ಪದರುಗಳಿರುತ್ತವೆ. ಕುದುರೆಯ ಮೂಳೆ ಗೊರಸಿನೊಳಗೆ ಈ ಪದರುಗಳ ಹಿಡಿತದಿಂದ ತೂಗುಹಾಕಿದಂತಿರುತ್ತದೆ. ಗೋಡೆ ಗಟ್ಟಿಯಾದುದರಿಂದ ಒಳಗೆ ಬಾವು ಬಂದರೆ ಅದು ಹಿಗ್ಗಲು ಜಾಗವಿರುವುದಿಲ್ಲ. ಉಗುರುಸುತ್ತು ಆದವರಿಗೆ ಆ ನೋವು ಎಂಥದೆಂದು ಹೇಳಬೇಕಾಗಿಲ್ಲ; ಕುದುರೆ ಅದೇ ನೋವಿನ ಮೇಲೆ ತನ್ನ ಭಾರವನ್ನೂ ಹಾಕಬೇಕಾಗುತ್ತದೆ.

ಗೊರಸು ಬೆಳೆಯುವುದು ಮೇಲಿನಿಂದ, ಕೂದಲು ಮುಗಿಯುವ ಅಂಚಿನಿಂದ ಕೆಳಕ್ಕೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಮಾತ್ರ. ಮುಂಭಾಗದಲ್ಲಿ ಮೇಲಂಚಿನಲ್ಲಿ ಹುಟ್ಟಿದ ಗೋಡೆ ನೆಲ ಮುಟ್ಟಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಮುಂದಿನ ಮಾತುಗಳಿಗೆಲ್ಲ ಈ ಲೆಕ್ಕವೇ ಆಧಾರ.

ಊರು ಬದಲಾದರೆ ಕಾಲು ಏಕೆ ನೋಯುತ್ತದೆ

ಅಕ್ಕಲಕೋಟದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಬೆಳೆದ, ಲಾಳವಿಲ್ಲದ ಕುದುರೆಯೊಂದನ್ನು ಜತ್ತದ ಕಡೆಯ ಗರಸು (ಹರಳುಗಲ್ಲಿನ) ನೆಲದ ಊರಿಗೆ ತಂದರೆಂದು ಇಟ್ಟುಕೊಳ್ಳೋಣ. ಎರೆಯ ಮೇಲೆ ಸಾಕಾಗುತ್ತಿದ್ದ ಅಂಗಾಲಿನ ದಪ್ಪ ಗರಸಿನ ಮೇಲೆ ಸಾಲುವುದಿಲ್ಲ. ಆರೋಗ್ಯವಂತ ಕುದುರೆಯ ಅಂಗಾಲು ಒಂದು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿರಬೇಕು. ಅದಕ್ಕಿಂತ ತೆಳುವಾದಾಗ ಪ್ರತಿ ಹರಳೂ ಒಳಗಿನ ಜೀವಂತ ಭಾಗಕ್ಕೆ ತಾಗುತ್ತದೆ. ಚಪ್ಪಲಿ ಮೆಟ್ಟಿ ಬೆಳೆದವರು ಒಮ್ಮೆಲೇ ಪಂಢರಪುರದ ದಿಂಡಿಯಲ್ಲಿ ಬರಿಗಾಲಿನಲ್ಲಿ ನಡೆದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ. ಹೊಸ ನೆಲಕ್ಕೆ ತಕ್ಕಂತೆ ಗಟ್ಟಿಯಾಗುವ ಗುಣ ಗೊರಸಿಗೆ ಇದೆ, ಆದರೆ ಅದು ತಿಂಗಳುಗಳ ಕೆಲಸ. ಎರವಲಿನ ಅವಧಿ ಹಲವೊಮ್ಮೆ ಅದಕ್ಕಿಂತ ಚಿಕ್ಕದು.

ನೆಲದೊಂದಿಗೆ ಇನ್ನೂ ಹಲವು ಸಂಗತಿಗಳು ಒಟ್ಟಿಗೇ ಬದಲಾಗುತ್ತವೆ. ಹಳೆಯ ಮನೆಯಲ್ಲಿ ಕಣಿಕೆ (ಜೋಳದ ಒಣ ದಂಟು) ತಿನ್ನುತ್ತಿದ್ದ ಕುದುರೆಗೆ ಹೊಸ ಮನೆಯವರು ಪ್ರೀತಿಯಿಂದ ಜೋಳ, ಕಡಲೆ, ಬೆಲ್ಲ ಕೊಡುತ್ತಾರೆ. ಮೆರವಣಿಗೆಯಲ್ಲಿ ಬಂದವರು ಪೇಡೆ ತಿನ್ನಿಸುತ್ತಾರೆ. ಡಾಂಬರು ರಸ್ತೆಯ ಮೇಲೆ ಗಂಟೆಗಟ್ಟಲೆ ನಡೆಯುವುದು, ಬ್ಯಾಂಡಿನ ಸದ್ದಿಗೆ ಕುಣಿಯುವುದು ಹೊಸದಾಗಿ ಸೇರುತ್ತವೆ. ಲಾಳವಿದ್ದರೆ ಅದನ್ನು ಕೊನೆಯದಾಗಿ ಯಾವಾಗ ಬಿಚ್ಚಿ ಹಾಕಿಸಿದರು ಎಂಬುದನ್ನು ಕೇಳಲು ಯಾರಿಗೂ ನೆನಪಾಗುವುದಿಲ್ಲ. ಮಳೆಗಾಲವಾದರೆ ಒದ್ದೆ ಎರೆ ಗೊರಸಿನ ಅಡಿಯಲ್ಲಿ ಮೆತ್ತಿಕೊಂಡು, ಒಣಗಿ, ನಡುವೆ ಸಿಕ್ಕ ಹರಳನ್ನು ಅಂಗಾಲಿಗೆ ಒತ್ತಿ ಹಿಡಿಯುತ್ತದೆ. ಎರವಲು ಕುದುರೆಯ ಕುಂಟಿಗೆ ಒಂದೇ ಕಾರಣ ಹುಡುಕುವವರಿಗಿಂತ, ಬಂದ ದಿನದಿಂದ ಏನೇನು ಬದಲಾಯಿತೆಂದು ಒಂದು ಚೀಟಿಯಲ್ಲಿ ಬರೆದಿಡುವವರು ವೈದ್ಯರಿಗೆ ಹೆಚ್ಚು ನೆರವಾಗುತ್ತಾರೆ.

ಯಾವ ಕಾಲು ನೋಯುತ್ತಿದೆ ಎಂದು ತಿಳಿಯುವ ಬಗೆ

ಕುದುರೆಯನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ, ಹಗ್ಗವನ್ನು ಸಡಿಲ ಬಿಟ್ಟು, ಒಬ್ಬರು ನೇರವಾಗಿ ನಡೆಸಬೇಕು. ಇನ್ನೊಬ್ಬರು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಬೇಕು. ನಡಿಗೆಯಲ್ಲಿ ಗೊತ್ತಾಗದಿದ್ದರೆ, ಮತ್ತು ಕುದುರೆಗೆ ತೀವ್ರ ನೋವಿಲ್ಲದಿದ್ದರೆ ಮಾತ್ರ, ಕೆಲವು ಹೆಜ್ಜೆ ದುಡುಕಿ ಓಟದಲ್ಲಿ (ನಡಿಗೆಗಿಂತ ತುಸು ವೇಗದ ಕುಲುಕು ಓಟ) ಓಡಿಸಿ ನೋಡಬಹುದು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಕುದುರೆ ಭಾರ ತಪ್ಪಿಸಲು ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲಿನ ಮೇಲೆ ತಲೆಯನ್ನು ಇಳಿಸುತ್ತದೆ. ತಲೆ ಇಳಿದ ಕಡೆಯ ಕಾಲೇ ನೋಯುತ್ತಿದೆಯೆಂದು ಭಾವಿಸಿ ಒಳ್ಳೆಯ ಕಾಲಿಗೆ ಎಣ್ಣೆ ತಿಕ್ಕುವ ತಪ್ಪು ಇಲ್ಲಿಯೇ ಆಗುತ್ತದೆ. ಹಿಂಗಾಲಿನ ನೋವಾದರೆ ಹಿಂದಿನಿಂದ ನೋಡಿದಾಗ ಆ ಕಡೆಯ ಚಪ್ಪೆ (ಸೊಂಟದ ಪಕ್ಕದ ಮೂಳೆ) ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುವುದು ಕಾಣುತ್ತದೆ.

ಎರಡೂ ಮುಂಗಾಲುಗಳು ಸಮನಾಗಿ ನೋಯುತ್ತಿದ್ದರೆ ಕುದುರೆ ಯಾವುದಕ್ಕೂ ತಲೆ ಎತ್ತುವುದಿಲ್ಲ. ಕುಂಟುತ್ತಿಲ್ಲ, ಸೋಮಾರಿಯಾಗಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಹೆಜ್ಜೆ ಗಿಡ್ಡವಾಗುವುದು, ಮೆದು ಮಣ್ಣಿನಲ್ಲಿ ಸರಾಗವಾಗಿ ನಡೆದು ಗರಸಿಗೆ ಬಂದೊಡನೆ ತಡೆಯುವುದು, ಸಣ್ಣ ಸುತ್ತಿನಲ್ಲಿ ತಿರುಗಲು ಒಲ್ಲೆನ್ನುವುದು, ರಸ್ತೆಯ ಅಂಚಿನ ಹುಲ್ಲನ್ನೇ ಹುಡುಕಿ ನಡೆಯುವುದು, ಇವೆಲ್ಲ ಸೂಕ್ಷ್ಮ ಪಾದದ ಲಕ್ಷಣಗಳು. ಇಂತಹ ಕುದುರೆಗೆ ಚಾಬೂಕು ತೋರಿಸುವುದು ಅನ್ಯಾಯ.

ಅನಂತರ ಕೈಯಿಂದ ನೋಡಬೇಕು. ನಾಲ್ಕು ಗೊರಸುಗಳನ್ನೂ ಮುಟ್ಟಿ ಬಿಸಿಯನ್ನು ಹೋಲಿಸಬೇಕು. ಬಿಸಿಲಿನಲ್ಲಿ ನಿಂತ ಕುದುರೆಯ ಎಲ್ಲ ಗೊರಸುಗಳೂ ಬಿಸಿಯಾಗಿರುವುದರಿಂದ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಮುಟ್ಟುವುದು ಒಳ್ಳೆಯದು. ಗೊರಸಿನ ಮೇಲಿರುವ ಗಂಟಿನ ಹಿಂಬದಿಯ ಎರಡು ಪಕ್ಕಗಳಲ್ಲಿ ಬೆರಳಿಟ್ಟರೆ ಕಾಲಿನ ನಾಡಿ ಸಿಗುತ್ತದೆ. ಆರೋಗ್ಯದಲ್ಲಿ ಅದು ಸಿಗುವುದೇ ಕಷ್ಟ, ಅಷ್ಟು ಮೆಲ್ಲಗಿರುತ್ತದೆ. ಬೆರಳಿಗೆ ಬಡಿಯುವಂತೆ ಜೋರಾಗಿದ್ದರೆ ಗೊರಸಿನೊಳಗೆ ಉರಿಯೂತವಿರುವ ಸಾಧ್ಯತೆ ಹೆಚ್ಚು. ಕುದುರೆ ಬಂದ ಮೊದಲ ದಿನವೇ, ಯಾವ ತೊಂದರೆಯೂ ಇಲ್ಲದಿರುವಾಗ, ಈ ನಾಡಿಯನ್ನು ಹುಡುಕಿ ರೂಢಿ ಮಾಡಿಕೊಂಡವರಿಗೆ ಮುಂದೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ, ಮೈಯ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೋವು ಹೆಚ್ಚಾದಂತೆ ಬಡಿತ ಏರುತ್ತದೆ.

ಹೆಚ್ಚಾಗಿ ಕಾಣುವ ತೊಂದರೆಗಳು

ಕಲ್ಲು ತಾಗಿ ಅಂಗಾಲಿನೊಳಗೆ ರಕ್ತ ಹೆಪ್ಪುಗಟ್ಟುವುದು ತುಂಬ ಸಾಮಾನ್ಯ. ತಿಳಿ ಬಣ್ಣದ ಗೊರಸಾದರೆ ಕೆಲವು ದಿನಗಳ ಮೇಲೆ ಕೆಂಪು ಇಲ್ಲವೆ ನೇರಳೆ ಕಲೆ ಕಾಣುತ್ತದೆ. ಮೆದು ನೆಲದ ಮೇಲೆ ವಿಶ್ರಾಂತಿ ಕೊಟ್ಟರೆ ಬಹುಪಾಲು ವಾಸಿಯಾಗುತ್ತದೆ.

ನಿನ್ನೆ ಸರಿಯಿದ್ದ ಕುದುರೆ ಇಂದು ಒಂದು ಕಾಲನ್ನು ನೆಲಕ್ಕೇ ಊರದಿದ್ದರೆ ಮೂಳೆ ಮುರಿದಿದೆಯೆಂದು ಗಾಬರಿಯಾಗುವುದು ಸಹಜ. ಆದರೆ ಇಷ್ಟು ತೀವ್ರವಾದ ಕುಂಟಿಗೆ ಗೊರಸಿನೊಳಗಿನ ಕೀವೇ ಅನೇಕ ಸಲ ಕಾರಣವಾಗಿರುತ್ತದೆ. ಸಣ್ಣ ಬಿರುಕಿನಿಂದಲೋ, ತಪ್ಪಾಗಿ ಹೊಡೆದ ಲಾಳದ ಮೊಳೆಯಿಂದಲೋ ಹೊಲಸು ಒಳಹೊಕ್ಕು ಕೀವಾಗುತ್ತದೆ. ಪಶುವೈದ್ಯರು ಇಕ್ಕಳದಂತಹ ಉಪಕರಣದಿಂದ ಗೊರಸನ್ನು ಅಲ್ಲಲ್ಲಿ ಒತ್ತಿ, ನೋಯುವ ಜಾಗ ಹುಡುಕಿ, ಅಲ್ಲಿ ಸಣ್ಣ ದಾರಿ ಮಾಡಿ ಕೀವು ಹರಿಯಬಿಡುತ್ತಾರೆ. ಹರಿದುಹೋದ ಮೇಲೆ ಕುದುರೆ ಬೇಗನೆ ಚೇತರಿಸಿಕೊಳ್ಳುತ್ತದೆ. ಈ ದಾರಿ ಮಾಡುವ ಕೆಲಸವನ್ನು ಮನೆಯಲ್ಲಿ ಚಾಕುವಿನಿಂದ ಮಾಡಲು ಹೋಗಬಾರದು. ಒಳಗಿನ ಜೀವಂತ ಭಾಗಕ್ಕೆ ಗಾಯವಾದರೆ ಹೊಸ ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ.

ಅಂಗಾಲಿಗೆ ಮೊಳೆಯೋ ತಂತಿಯ ತುಂಡೋ ಚುಚ್ಚಿ ನಿಂತಿದ್ದರೆ ಕೂಡಲೇ ಕಿತ್ತೆಸೆಯಬೇಕೆಂದು ಕೈ ಮುಂದಾಗುತ್ತದೆ. ವೈದ್ಯರು ಬೇಗ ಬರುವಂತಿದ್ದರೆ, ಮತ್ತು ಕುದುರೆಯನ್ನು ಆ ಕಾಲು ಊರದಂತೆ ನಿಲ್ಲಿಸಿಕೊಳ್ಳಲು ಸಾಧ್ಯವಿದ್ದರೆ, ಅದನ್ನು ಹಾಗೆಯೇ ಬಿಡುವುದು ಮೇಲು, ಏಕೆಂದರೆ ಅದು ಎಷ್ಟು ಆಳಕ್ಕೆ, ಯಾವ ಕೋನದಲ್ಲಿ ಹೋಗಿದೆಯೆಂಬುದೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಫ್ರಾಗ್‌ನ ನಡುಭಾಗಕ್ಕೆ ಚುಚ್ಚಿದ್ದರೆ ಒಳಗಿನ ಕೀಲಿನವರೆಗೆ ತಲುಪಿರಬಹುದು, ಅದು ಜೀವಕ್ಕೇ ಅಪಾಯ. ತೆಗೆಯಲೇಬೇಕಾದರೆ ಚುಚ್ಚಿದ ಜಾಗದ ಫೋಟೋ ತೆಗೆದು, ಮೊಳೆಯನ್ನು ಎಸೆಯದೆ ತೆಗೆದಿಡಬೇಕು. ಧನುರ್ವಾಯು ಕುದುರೆಗಳಿಗೆ ಬಹಳ ಸುಲಭವಾಗಿ ತಗಲುವ ರೋಗವಾದ್ದರಿಂದ, ಅದರ ಲಸಿಕೆ ಯಾವಾಗ ಹಾಕಿಸಿದ್ದೆಂದು ಮಾಲೀಕರನ್ನು ಅದೇ ಗಳಿಗೆಯಲ್ಲಿ ಕೇಳಬೇಕು.

ಫ್ರಾಗ್‌ನ ಸಂದುಗಳಲ್ಲಿ ಕಪ್ಪಾದ, ಕೊಳೆತ ನಾತದ ಲೋಳೆ ಕಂಡರೆ ಅದು ಲಾಯದ ಒದ್ದೆಯಿಂದ ಬಂದ ಕೊಳೆ ರೋಗ. ದಿನಕ್ಕೊಮ್ಮೆ ಗೊರಸನ್ನು ಕೊಕ್ಕೆಯಿಂದ ಕೆದಕಿ ಶುಚಿ ಮಾಡಿ, ನಿಲ್ಲುವ ಜಾಗವನ್ನು ಒಣಗಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಭಾಗದವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಹಸಿ ಜೋಳ ಮತ್ತು ಅದೇ ಜಾತಿಯ ಹಸಿ ಮೇವನ್ನು ವಾರಗಟ್ಟಲೆ ಮೇಯಿಸಿದರೆ ಕೆಲವು ಕುದುರೆಗಳ ನರಗಳಿಗೆ ಹಾನಿಯಾಗಿ ಹಿಂಗಾಲುಗಳು ತೂರಾಡುತ್ತವೆ, ಮೂತ್ರ ಹನಿಯುತ್ತದೆ. ಇದು ನೋಡಲು ಕುಂಟಿನಂತಿದ್ದರೂ ಗೊರಸಿಗೆ ಸಂಬಂಧಿಸಿದ್ದಲ್ಲ. ಚೆನ್ನಾಗಿ ಒಣಗಿದ ಕಣಿಕೆಯಿಂದ ಈ ತೊಂದರೆ ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು: ಲ್ಯಾಮಿನೈಟಿಸ್

ಮೇಲೆ ಹೇಳಿದ ಪುಸ್ತಕದ ಹಾಳೆಗಳಂತಹ ಪದರುಗಳಿಗೆ ಉರಿಯೂತ ಬಂದು ಅವುಗಳ ಹಿಡಿತ ಸಡಿಲವಾಗುವ ಕಾಯಿಲೆಗೆ ಲ್ಯಾಮಿನೈಟಿಸ್ ಎಂದು ಹೆಸರು. ಹಿಡಿತ ಬಿಟ್ಟರೆ ಕುದುರೆಯ ಭಾರ ಮೂಳೆಯನ್ನು ಕೆಳಕ್ಕೆ ಒತ್ತುತ್ತದೆ, ಆಳದ ಸ್ನಾಯುರಜ್ಜು ಹಿಂದಕ್ಕೆ ಎಳೆಯುತ್ತದೆ, ಮೂಳೆಯ ತುದಿ ಅಂಗಾಲಿನ ಕಡೆ ವಾಲುತ್ತದೆ. ತೀರ ಕೆಟ್ಟ ಸ್ಥಿತಿಯಲ್ಲಿ ಅದು ಅಂಗಾಲನ್ನೇ ತೂತು ಮಾಡಿಕೊಂಡು ಹೊರಬರಬಹುದು.

ನಿಲ್ಲುವ ಭಂಗಿಯೇ ಇದರ ಗುರುತು. ಕುದುರೆ ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಲ್ಲುತ್ತದೆ. ನಡೆಸಿದರೆ ಹಿಮ್ಮಡಿಯನ್ನು ಮೊದಲು ಊರುತ್ತದೆ, ಒಂದು ಕಾಲನ್ನು ಎತ್ತಿ ಹಿಡಿಯಲು ಬಿಡುವುದಿಲ್ಲ, ಏಕೆಂದರೆ ಆಗ ಇನ್ನೊಂದು ನೋಯುವ ಕಾಲಿನ ಮೇಲೆ ಎಲ್ಲ ಭಾರ ಬೀಳುತ್ತದೆ.

ಇದು ಬರುವ ದಾರಿಗಳು ಹಲವು. ಕುದುರೆ ಹಗ್ಗ ಬಿಚ್ಚಿಕೊಂಡು ಜೋಳದ ಚೀಲಕ್ಕೆ ಬಾಯಿ ಹಾಕಿದರೆ, ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ಅಲ್ಲಿ ಸತ್ತ ಸೂಕ್ಷ್ಮಜೀವಿಗಳ ವಿಷ ರಕ್ತಕ್ಕೆ ಸೇರುತ್ತದೆ, ಒಂದರಿಂದ ಮೂರು ದಿನಗಳಲ್ಲಿ ಗೊರಸು ನೋಯತೊಡಗುತ್ತದೆ. ಹೊಟ್ಟೆಗೆ ಹಾಕಿದ್ದಕ್ಕೂ ಕಾಲಿನ ನೋವಿಗೂ ಸಂಬಂಧವಿದೆಯೆಂಬುದು ಮೊದಲ ಸಲ ಕುದುರೆ ಸಾಕುವವರಿಗೆ ಹೊಳೆಯುವುದೇ ಇಲ್ಲ. ಕೊಬ್ಬಿದ ಕುದುರೆಗಳಲ್ಲಿ ಇನ್ನೊಂದು ದಾರಿಯಿದೆ: ಸಕ್ಕರೆ ಅಂಶ ಹೆಚ್ಚಿರುವ ಆಹಾರದಿಂದ ರಕ್ತದಲ್ಲಿ ಇನ್ಸುಲಿನ್ ಏರಿ, ಆ ಇನ್ಸುಲಿನ್ನೇ ಪದರುಗಳನ್ನು ದುರ್ಬಲಗೊಳಿಸುತ್ತದೆ. ಬೆಲ್ಲ, ಕಾಕಂಬಿ, ಕಬ್ಬಿನ ತುಂಡುಗಳು ಧಾರಾಳವಾಗಿ ಸಿಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯಬಾರದು. ಈದ ಮೇಲೆ ಮಾಸು ಬೀಳದೆ ಉಳಿದ ಹೆಣ್ಣು ಕುದುರೆಗೂ, ಗಟ್ಟಿ ರಸ್ತೆಯ ಮೇಲೆ ಅತಿಯಾಗಿ ದುಡಿದದ್ದಕ್ಕೂ, ಒಂದು ಕಾಲಿನ ನೋವಿನಿಂದ ಬಹುಕಾಲ ಇನ್ನೊಂದರ ಮೇಲೆಯೇ ನಿಂತದ್ದಕ್ಕೂ ಈ ಕಾಯಿಲೆ ಬರಬಹುದು.

ಕುದುರೆ ಕಾಳು ಕದ್ದು ತಿಂದದ್ದು ಗೊತ್ತಾದರೆ ಕುಂಟುವವರೆಗೆ ಕಾಯದೆ ಅದೇ ಗಂಟೆಯಲ್ಲಿ ವೈದ್ಯರನ್ನು ಕರೆಯಬೇಕು. ಕಾಲುಗಳನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ನಿರಂತರವಾಗಿ, ಎರಡು ಮೂರು ದಿನಗಳವರೆಗೆ, ತಣ್ಣಗಿಡುವುದು ಈ ಹಂತದಲ್ಲಿ ಪದರುಗಳನ್ನು ಉಳಿಸಬಲ್ಲದು. ಆಗಾಗ ತಣ್ಣೀರು ಎರಚುವುದರಿಂದ ಆ ಲಾಭ ಸಿಗುವುದಿಲ್ಲ. ನೋವು ಬಂದ ಕುದುರೆಯನ್ನು 'ರಕ್ತ ಓಡಾಡಲಿ' ಎಂದು ನಡೆಸುವ ಹಳೆಯ ರೂಢಿಯಿಂದ ಸಡಿಲಾದ ಪದರುಗಳು ಇನ್ನಷ್ಟು ಹರಿಯುತ್ತವೆ. ಮರಳನ್ನೋ ಕಟ್ಟಿಗೆಯ ಹೊಟ್ಟನ್ನೋ ಆಳವಾಗಿ ಹಾಸಿ, ಅದರ ಮೇಲೆ ನಿಲ್ಲಲು ಮತ್ತು ಮಲಗಲು ಬಿಡಬೇಕು.

ಕುಂಟು ಕಂಡ ದಿನ

ಮೊದಲು ಕೆಲಸ ನಿಲ್ಲಿಸಬೇಕು, ಮರುದಿನ ಮದುವೆಯಿದ್ದರೂ. ಕುದುರೆಯನ್ನು ಮೆದು, ಒಣ ಜಾಗದಲ್ಲಿ ನೀರು ಮತ್ತು ಒಣ ಮೇವಿನೊಂದಿಗೆ ನಿಲ್ಲಿಸಿ, ಕಾಳು ಬೆಲ್ಲ ನಿಲ್ಲಿಸಿ, ಗೊರಸನ್ನು ಶುಚಿ ಮಾಡಿ ನೋಡಬೇಕು. ಕುದುರೆ ಕಾಲು ಊರದಿದ್ದರೆ, ಹಿಂದಕ್ಕೆ ವಾಲಿ ನಿಂತಿದ್ದರೆ, ಏನಾದರೂ ಚುಚ್ಚಿದ್ದರೆ ಅಥವಾ ಜ್ವರವಿದ್ದರೆ ವೈದ್ಯರನ್ನು ಕರೆಯುವುದನ್ನು ಮರುದಿನಕ್ಕೆ ಬಿಡಬಾರದು. ಸಂಚಾರಿ ಪಶುಚಿಕಿತ್ಸೆಗೆ 1962 ಎಂಬ ಶುಲ್ಕರಹಿತ ಸಂಖ್ಯೆಯಿದೆ. ವೈದ್ಯರು ಮರಾಠಿ ಮಾತನಾಡುವವರಾದರೆ ಕೆಲವು ಪದಗಳು ಉಪಯೋಗಕ್ಕೆ ಬರುತ್ತವೆ: ಗೊರಸಿಗೆ ಖೂರ್, ಲಾಳಕ್ಕೆ ನಾಲ, ಕುಂಟುವುದಕ್ಕೆ ಲಂಗಡಣೆ, ಊತಕ್ಕೆ ಸೂಜ್, ಕೀವಿಗೆ ಪೂ.

ವೈದ್ಯರು ನೋಡುವ ಮೊದಲು ನೋವಿನ ಚುಚ್ಚುಮದ್ದು ಹಾಕಿಸಿದರೆ ಯಾವ ಕಾಲು, ಎಷ್ಟು ನೋವು ಎಂಬುದೇ ಮರೆಯಾಗುತ್ತದೆ. ನೋವು ಮರೆತ ಕುದುರೆ ಗಾಯದ ಮೇಲೆಯೇ ಕುಣಿಯುತ್ತದೆ. ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದು ರಣಹದ್ದುಗಳ ಸಾವಿಗೆ ಕಾರಣವಾದ್ದರಿಂದ 2006ರಿಂದ ನಮ್ಮ ದೇಶದಲ್ಲಿ ನಿಷೇಧವಿದೆ. ಅಂಗಡಿಯವರು ಕೊಟ್ಟರೂ ತೆಗೆದುಕೊಳ್ಳಬಾರದು. ಬರೆ ಹಾಕುವುದರಿಂದ ಗೊರಸಿನೊಳಗಿನ ನೋವು ಕಡಿಮೆಯಾಗುವುದಿಲ್ಲ, ಸುಟ್ಟ ಗಾಯವೊಂದು ಹೊಸದಾಗಿ ಸೇರುತ್ತದೆ.

ಲಾಳ ಹಾಕಿಸಬೇಕೇ

ಸಂತೆಯಲ್ಲಿ ಎತ್ತನ್ನು ಕೆಡವಿ ಲಾಳ ಹೊಡೆಯುವವರು ಸಿಗುತ್ತಾರೆ. ಎತ್ತಿನ ಲಾಳ ಸೀಳು ಗೊರಸಿನ ಒಂದೊಂದು ಹೋಳಿಗೆ ಬೇರೆ ಬೇರೆಯಾಗಿ ಕೂರುವ ತೆಳು ತಗಡು; ಕುದುರೆಯ ಲಾಳದ ಅಳತೆ, ಮೊಳೆ ಹೊಡೆಯುವ ಜಾಗ, ಗೊರಸು ಕೆತ್ತುವ ಕೋನ ಎಲ್ಲವೂ ಬೇರೆ. ಕುದುರೆಯಲ್ಲಿಯೇ ಪಳಗಿದ ನಾಲಬಂದರನ್ನು (ಲಾಳ ಹೊಡೆಯುವವರನ್ನು) ಹುಡುಕಿ ಸ್ವಲ್ಪ ದೂರ ಹೋದರೂ ನಷ್ಟವಿಲ್ಲ. ಲಾಳ ಹಾಕಿದ ಕುದುರೆಗೆ ಆರರಿಂದ ಎಂಟು ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಹಾಕಬೇಕು, ಏಕೆಂದರೆ ಗೊರಸು ಬೆಳೆಯುತ್ತದೆ, ಕಬ್ಬಿಣ ಬೆಳೆಯುವುದಿಲ್ಲ. ತಡವಾದರೆ ಲಾಳ ಮುಂದಕ್ಕೆ ಸರಿದು ಹಿಮ್ಮಡಿಯನ್ನು ಒತ್ತುತ್ತದೆ. ಲಾಳವಿದ್ದ ಕುದುರೆಯ ಲಾಳ ಬಿಚ್ಚಿಸಿ ಮರುದಿನವೇ ಗರಸಿಗೆ ಇಳಿಸಿದರೂ, ಕೆತ್ತುವಾಗ ಅಂಗಾಲನ್ನು ಹೆಚ್ಚು ತೆಳುವಾಗಿಸಿದರೂ ಪಾದ ಸೂಕ್ಷ್ಮವಾಗುತ್ತದೆ. ಎರವಲಿನ ಕುದುರೆಯ ವಿಷಯದಲ್ಲಿ ಇಂತಹ ನಿರ್ಧಾರವನ್ನು ಮಾಲೀಕರನ್ನು ಕೇಳದೆ ಮಾಡುವಂತಿಲ್ಲ.

ಕೊಟ್ಟವರಿಗೆ ಯಾವಾಗ ಹೇಳಬೇಕು, ಕಾನೂನು ಏನು ಹೇಳುತ್ತದೆ

ಅದೇ ದಿನ ಹೇಳಬೇಕು. ಈ ಕುದುರೆಗೆ ಹಿಂದೆ ಇದೇ ನೋವು ಬಂದಿತ್ತೇ, ಯಾವ ಔಷಧ ಒಗ್ಗಲಿಲ್ಲ, ಲಾಳ ಕೊನೆಗೆ ಯಾವಾಗ ಹಾಕಿಸಿದರು ಎಂಬುದೆಲ್ಲ ಅವರಿಗೆ ಮಾತ್ರ ಗೊತ್ತು. ಲ್ಯಾಮಿನೈಟಿಸ್ ಒಮ್ಮೆ ಬಂದ ಕುದುರೆಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಮತ್ತು ಗೊರಸಿನ ಗೋಡೆಯ ಮೇಲೆ ಹಿಮ್ಮಡಿಯ ಕಡೆ ಅಗಲವಾಗುತ್ತ ಹೋಗುವ ಉಂಗುರಗಳು ಹಿಂದಿನ ಕಾಯಿಲೆಯ ಕುರುಹು ಆಗಿರಬಹುದು.

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಎರವಲಿನ ಬಗ್ಗೆ ನಿಯಮಗಳಿವೆ, ಮತ್ತು ಅವುಗಳಲ್ಲಿ ಎರಡನ್ನು ವಿವರಿಸಲು ಕಾಯ್ದೆ ಕುದುರೆಯ ಉದಾಹರಣೆಯನ್ನೇ ಕೊಟ್ಟಿದೆ. 150ನೆಯ ಕಲಮಿನ ಪ್ರಕಾರ ಎರವಲು ಕೊಡುವವರು ತಮಗೆ ಗೊತ್ತಿರುವ ದೋಷವನ್ನು ತಿಳಿಸಬೇಕು; ಕುದುರೆ ಪುಂಡ ಎಂದು ಗೊತ್ತಿದ್ದೂ ಹೇಳದೆ ಕೊಟ್ಟು, ಅದು ಓಡಿ ಸವಾರ ಬಿದ್ದು ಗಾಯಗೊಂಡರೆ ಕೊಟ್ಟವರೇ ಹೊಣೆ. ಬಾಡಿಗೆಗೆ ಕೊಟ್ಟದ್ದಾದರೆ ದೋಷ ಗೊತ್ತಿಲ್ಲದಿದ್ದರೂ ಹೊಣೆ ತಪ್ಪುವುದಿಲ್ಲ. 151ನೆಯ ಕಲಮು ತಂದವರ ಕಡೆಯದು: ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು. 154ನೆಯ ಕಲಮಿನ ಉದಾಹರಣೆ ಇನ್ನೂ ನಿಖರ: ತಾನೊಬ್ಬನೇ ಸವಾರಿ ಮಾಡುವೆನೆಂದು ತಂದ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ಅವರು ಎಚ್ಚರದಿಂದ ಓಡಿಸಿದರೂ ಅದು ಆಕಸ್ಮಿಕವಾಗಿ ಬಿದ್ದು ಗಾಯಗೊಂಡರೆ ತಂದವನೇ ಪರಿಹಾರ ಕೊಡಬೇಕು. ಮಗನ ಸವಾರಿಗೆಂದು ತಂದ ಕುದುರೆಯನ್ನು ನೆರೆಮನೆಯ ಮದುವೆಗೆ ಕಳಿಸುವವರು ಇದನ್ನು ಓದಿಕೊಳ್ಳಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನಂತೆ, ಕಾಯಿಲೆ ಅಥವಾ ಗಾಯದಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದೂ, ಮಾಲೀಕನಾಗಿ ಅದಕ್ಕೆ ಒಪ್ಪುವುದೂ ಅಪರಾಧ.

ಬೀಗರ ನಡುವೆ ಕರಾರು ಪತ್ರ ಬರೆಯುವುದು ಮುಜುಗರವೆನಿಸಿದರೆ, ಕುದುರೆಯನ್ನು ಒಪ್ಪಿಸಿಕೊಳ್ಳುವ ದಿನ ನಾಲ್ಕೂ ಗೊರಸುಗಳ ಫೋಟೋವನ್ನು ಪಕ್ಕದಿಂದ ಮತ್ತು ಅಡಿಯಿಂದ ತೆಗೆದು, ನಡಿಗೆಯ ಒಂದು ವಿಡಿಯೋ ಮಾಡಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಂಡರೆ ಸಾಕು. ಹಳೆಯ ಮನೆಯ ಮೇವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತಂದು, ಹೊಸದನ್ನು ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಕುಂಟು ವಾಸಿಯಾದ ಮೇಲೆ ಮೊದಲ ವಾರ ಮೆದು ನೆಲದಲ್ಲಿ ಕೈಹಿಡಿದು ನಡೆಸುವುದು, ಅನಂತರ ಸವಾರನಿಲ್ಲದೆ ಗಟ್ಟಿ ನೆಲ, ಕೊನೆಗೆ ಸವಾರಿ, ಹೀಗೆ ಏರಿಸಬೇಕು. ಯಾವ ಹಂತದಲ್ಲಿ ಹೆಜ್ಜೆ ಗಿಡ್ಡವಾಯಿತೋ ಅಲ್ಲಿಂದ ಒಂದು ಹಂತ ಹಿಂದಕ್ಕೆ ಬರಬೇಕು. ಎರವಲಿನ ಅವಧಿ ಅಷ್ಟರೊಳಗೆ ಮುಗಿದರೆ ಕುದುರೆಯೊಂದಿಗೆ ವೈದ್ಯರ ಚೀಟಿ, ಕೊಟ್ಟ ಔಷಧದ ಹೆಸರು, ಗೊರಸು ಕೆತ್ತಿಸಿದ ತಾರೀಖು ಇವನ್ನೂ ಒಪ್ಪಿಸಬೇಕು, ಏಕೆಂದರೆ ಇಂದು ಮೇಲಂಚಿನಲ್ಲಿ ಹುಟ್ಟುತ್ತಿರುವ ಗೊರಸು ನೆಲ ಮುಟ್ಟುವ ಹೊತ್ತಿಗೆ ಅದು ಇರುವುದು ಅವರ ಲಾಯದಲ್ಲಿ.